ದಾರಿ ಅಳಿಸಿ, ಬಾಣ ಎಳೆಯಿರಿ: ಸ್ಥಾನಪಲ್ಲಟದ ಲೆಕ್ಕ ತಪ್ಪದೆ ಮಾಡುವ ಬಗೆ

‘ಸ್ಥಾನಪಲ್ಲಟ ಎಷ್ಟು?’ ಎಂಬ ಪ್ರಶ್ನೆಗೆ ‘50 ಮೀ’ ಎಂದಷ್ಟೇ ಬರೆದರೆ ಉತ್ತರ ಅರ್ಧಕ್ಕೇ ನಿಂತಂತೆ. ಯಾವ ಕಡೆಗೆ 50 ಮೀ? ಪೂರ್ವಕ್ಕೋ, ದಕ್ಷಿಣಕ್ಕೋ, ಹೊರಟ ದಿಕ್ಕಿಗೆ ತಿರುಗುಮುರುಗಾಗಿಯೋ? ಒಂಬತ್ತನೇ ತರಗತಿಯ ‘ಚಲನೆ’ ಪಾಠದಲ್ಲಿ ಮಕ್ಕಳು ಕಳೆದುಕೊಳ್ಳುವ ಅಂಕಗಳಲ್ಲಿ ಹೆಚ್ಚಿನವು ಗಣಿತ ಬಾರದೆ ಹೋಗುವುದಲ್ಲ, ಈ ಒಂದು ಪದ ಬರೆಯದೆ ಹೋಗುವುದು.

ಪಾರಿಭಾಷಿಕ ಪದಗಳನ್ನೇ ಮೊದಲು ಬಿಡಿಸಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಸದಿಶ ಎಂದರೆ ದಿಶೆ ಇರುವುದು, ಅದಿಶ ಎಂದರೆ ದಿಶೆ ಇಲ್ಲದ್ದು. ಒಂದೇ ಅಕ್ಷರದ ವ್ಯತ್ಯಾಸ. ಸ್ಥಾನಪಲ್ಲಟ ಎಂದರೆ ಸ್ಥಾನ ಬದಲಾದದ್ದು. ಹೇಗೆ ಬದಲಾಯಿತು, ಯಾವ ಓಣಿ ಸುತ್ತಿ ಬಂದಿತು ಎಂಬ ಮಾತೇ ಆ ಪದದಲ್ಲಿಲ್ಲ. ದೂರ ಎಂದರೆ ನಡೆದ ದಾರಿಯ ಒಟ್ಟು ಉದ್ದ. ದೂರ ಅದಿಶ, ಸ್ಥಾನಪಲ್ಲಟ ಸದಿಶ. ಎರಡಕ್ಕೂ ಮೀಟರೇ ಏಕಮಾನ, ಗೊಂದಲ ಹುಟ್ಟುವುದೂ ಅಲ್ಲಿಯೇ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ರಸಾಯನಶಾಸ್ತ್ರದಲ್ಲಿ ‘ಸ್ಥಾನಪಲ್ಲಟ ಕ್ರಿಯೆ’ ಎಂದೊಂದು ಬರುತ್ತದೆ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದಾಗ ಕಬ್ಬಿಣವು ತಾಮ್ರವನ್ನು ಹೊರದಬ್ಬುತ್ತದಲ್ಲ, ಅದು. ಹೆಸರು ಒಂದೇ, ವಿಷಯ ಬೇರೆ. ಅಲ್ಲಿ ದಿಕ್ಕೂ ಇಲ್ಲ, ಬಾಣವೂ ಇಲ್ಲ.

ಮೊದಲು ಎರಡು ಚುಕ್ಕಿ

ಪ್ರಶ್ನೆ ಎಷ್ಟೇ ಉದ್ದವಿರಲಿ, ವಿಧಾನ ಒಂದೇ. ಹಾಳೆಯ ಮೇಲೆ ಹೊರಟ ಜಾಗಕ್ಕೆ ಒಂದು ಚುಕ್ಕಿ, ಕೊನೆಗೆ ನಿಂತ ಜಾಗಕ್ಕೆ ಒಂದು ಚುಕ್ಕಿ ಇಡಿ. ನಡುವಿನ ದಾರಿಯನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತಿಸಿ, ಎರಡನೇ ಚುಕ್ಕಿ ಸರಿಯಾದ ಜಾಗಕ್ಕೆ ಬಿತ್ತೆಂದು ಖಚಿತವಾದ ಮೇಲೆ ಆ ದಾರಿಯನ್ನು ರಬ್ಬರಿನಿಂದ ಅಳಿಸಿಬಿಡಿ. ನಿಜವಾಗಿಯೂ ಅಳಿಸಿ, ಮನಸ್ಸಿನಲ್ಲೇ ಅಲ್ಲ. ಉಳಿದ ಎರಡು ಚುಕ್ಕಿಗಳ ನಡುವೆ, ಮೊದಲನೆಯದರಿಂದ ಎರಡನೆಯದಕ್ಕೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದು ಎರಡನೇ ಚುಕ್ಕಿಯ ಬಳಿ ಬಾಣದ ಮೊನೆ ಬರೆಯಿರಿ. ಗೆರೆಯ ಉದ್ದ ಸ್ಥಾನಪಲ್ಲಟದ ಪ್ರಮಾಣ, ಮೊನೆ ತೋರುವ ಕಡೆ ಅದರ ದಿಕ್ಕು.

ಬಾಣದ ಮೊನೆಯನ್ನು ಹೊರಟ ಜಾಗದ ಕಡೆ ಬರೆಯುವುದು ಸಾಮಾನ್ಯ ತಪ್ಪು. ಮನೆಯಿಂದ ಶಾಲೆಗೆ ಹೋದ ಪ್ರಶ್ನೆಯಲ್ಲಿ ‘ಶಾಲೆ ಮನೆಯಿಂದ ಎಲ್ಲಿದೆ’ ಎಂದು ಯೋಚಿಸುವ ಬದಲು ‘ಮನೆ ಶಾಲೆಯಿಂದ ಎಲ್ಲಿದೆ’ ಎಂದು ಯೋಚಿಸಿದರೆ ಹೀಗಾಗುತ್ತದೆ. ಸೂತ್ರ ನೆನಪಿರಲಿ: ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆಯಬೇಕು. ಕೊನೆಯದು ಮೊದಲು ಬರೆಯಿರಿ, ಮೊದಲನೆಯದು ಆಮೇಲೆ. ಉಲ್ಟಾ ಅನ್ನಿಸಿದರೂ ಅದೇ ಸರಿ.

ಕ್ರಿಕೆಟ್ಟಿನಲ್ಲಿ ನೋಡಿ. ಎರಡು ತುದಿಯ ವಿಕೆಟ್‌ಗಳ ನಡುವೆ 20.12 ಮೀ ಇದ್ದರೂ ಬ್ಯಾಟರ್ ಓಡಬೇಕಾದದ್ದು ಒಂದು ಪಾಪಿಂಗ್ ಕ್ರೀಸಿನಿಂದ (ವಿಕೆಟ್ಟಿನ ಮುಂದಿನ ಗೆರೆ) ಇನ್ನೊಂದಕ್ಕೆ, ಅಂದರೆ 17.68 ಮೀ. ಒಂದು ರನ್ನಿಗೆ ದೂರವೂ 17.68, ಸ್ಥಾನಪಲ್ಲಟದ ಪ್ರಮಾಣವೂ 17.68. ಎರಡು ರನ್ ಓಡಿದರೆ ದೂರ 35.36 ಮೀ, ಸ್ಥಾನಪಲ್ಲಟ ಸೊನ್ನೆ. ಮೂರು ಓಡಿದರೆ ದೂರ 53.04 ಮೀ, ಸ್ಥಾನಪಲ್ಲಟ ಮತ್ತೆ 17.68 ಮೀ, ಎದುರು ತುದಿಯ ಕಡೆಗೆ. ಎರಡು ರನ್ ಓಡಿ ಏದುಸಿರು ಬಿಡುತ್ತಿರುವವನಿಗೆ ‘ನಿನ್ನ ಸ್ಥಾನಪಲ್ಲಟ ಸೊನ್ನೆ’ ಎಂದರೆ ಸಿಟ್ಟು ಬರಬಹುದು, ಆದರೆ ‘ನೀನು ಓಡಲೇ ಇಲ್ಲ’ ಎಂದು ಅದರ ಅರ್ಥವಲ್ಲ. ಸ್ಥಾನಪಲ್ಲಟ ಸೊನ್ನೆ ಎಂದರೆ ಹೊರಟಲ್ಲಿಗೇ ಮರಳಿದ್ದಾನೆ ಎಂದಷ್ಟೇ.

ಈ ಮೂರು ಸಾಲಿನಲ್ಲೇ ಒಂದು ನಿಯಮವೂ ಕಾಣುತ್ತದೆ. ಸ್ಥಾನಪಲ್ಲಟದ ಪ್ರಮಾಣ ಯಾವತ್ತೂ ದೂರಕ್ಕಿಂತ ಹೆಚ್ಚಾಗದು. ನೇರ ಗೆರೆಯಲ್ಲಿ, ಒಮ್ಮೆಯೂ ಹಿಂತಿರುಗದೆ ಸಾಗಿದಾಗ ಮಾತ್ರ ಎರಡೂ ಸಮ. ನಿಮ್ಮ ಉತ್ತರದಲ್ಲಿ ಸ್ಥಾನಪಲ್ಲಟ ದೂರವನ್ನು ಮೀರಿದ್ದರೆ ಲೆಕ್ಕ ಎಲ್ಲೋ ಕೈಕೊಟ್ಟಿದೆ ಎಂದೇ ತಿಳಿಯಿರಿ, ಮುಂದೆ ಹೋಗದೆ ಅಲ್ಲೇ ನಿಂತು ಹುಡುಕಿ.

ನೇರ ರಸ್ತೆಯಲ್ಲಿ ದಿಕ್ಕೆಂದರೆ ಚಿಹ್ನೆ

ಒಂದೇ ಗೆರೆಯ ಮೇಲಿನ ಚಲನೆಗೆ ಬಾಣ ಬರೆಯುವುದೂ ಬೇಕಿಲ್ಲ. ದಿಕ್ಕುಗಳು ಎರಡೇ ಆದ್ದರಿಂದ ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ಚಿಹ್ನೆ ಸಾಕು. ಯಾವುದು ಧನ ಎಂಬುದು ನಿಮ್ಮ ಆಯ್ಕೆ. ಆದರೆ ಒಮ್ಮೆ ಆರಿಸಿದರೆ ಆ ಲೆಕ್ಕ ಮುಗಿಯುವವರೆಗೆ ಅದನ್ನು ಬದಲಿಸುವಂತಿಲ್ಲ. ಹಾಳೆಯ ಮೂಲೆಯಲ್ಲಿ ‘ಬಲಕ್ಕೆ +’ ಎಂದು ಸಣ್ಣದಾಗಿ ಬರೆದಿಟ್ಟುಕೊಳ್ಳಿ.

ನೇರವಾದ ರಸ್ತೆಯೊಂದರ ಕಿಲೋಮೀಟರ್ ಕಲ್ಲುಗಳನ್ನು ತೆಗೆದುಕೊಳ್ಳಿ. ಬೈಕು 42ನೇ ಕಲ್ಲಿನ ಬಳಿ ಹೊರಟು 57ರವರೆಗೆ ಹೋಗಿ, ಅಲ್ಲಿಂದ ಹಿಂತಿರುಗಿ 30ನೇ ಕಲ್ಲಿಗೆ ಬಂದು ನಿಂತಿತು. ದೂರ: 15 + 27 = 42 ಕಿ.ಮೀ. ಸ್ಥಾನಪಲ್ಲಟ: 30 − 42 = −12 ಕಿ.ಮೀ. ಅಂದರೆ ಕಲ್ಲಿನ ಸಂಖ್ಯೆ ಇಳಿಯುವ ಕಡೆಗೆ 12 ಕಿ.ಮೀ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, −12 ಎಂದರೆ ‘ಸೊನ್ನೆಗಿಂತ ಕಡಿಮೆ ಚಲಿಸಿತು’ ಎಂದುಕೊಳ್ಳುವುದು. ಋಣ ಚಿಹ್ನೆ ಇಲ್ಲಿ ಪ್ರಮಾಣವನ್ನಲ್ಲ, ದಿಕ್ಕನ್ನು ಹೇಳುತ್ತಿದೆ, −12 ಕಿ.ಮೀ. ಮತ್ತು +12 ಕಿ.ಮೀ. ಎರಡರ ಪ್ರಮಾಣವೂ 12 ಕಿ.ಮೀ. ಎರಡನೆಯದು, ಸ್ಥಾನವನ್ನೂ ಸ್ಥಾನಪಲ್ಲಟವನ್ನೂ ಒಂದೇ ಎಂದು ತಿಳಿಯುವುದು. ಬೈಕಿನ ಕೊನೆಯ ಸ್ಥಾನ +30, ಸ್ಥಾನಪಲ್ಲಟ −12. ಸ್ಥಾನ ಧನವಾಗಿದ್ದೂ ಸ್ಥಾನಪಲ್ಲಟ ಋಣವಾಗಿರಲು ಯಾವ ಅಡ್ಡಿಯೂ ಇಲ್ಲ.

ಈಗ ಲೋಕೋಪಯೋಗಿ ಇಲಾಖೆಯವರು ಬಂದು ಎಲ್ಲ ಕಲ್ಲುಗಳ ಸಂಖ್ಯೆಯನ್ನೂ 20ರಷ್ಟು ಇಳಿಸಿ ಹೊಸದಾಗಿ ಬಣ್ಣ ಹಚ್ಚಿದರೆಂದು ಕಲ್ಪಿಸಿಕೊಳ್ಳಿ. 42 ಈಗ 22, 30 ಈಗ 10. ಸ್ಥಾನಗಳೆಲ್ಲ ಬದಲಾದವು. ಸ್ಥಾನಪಲ್ಲಟ? 10 − 22 = −12. ಅದು ಕದಲಲಿಲ್ಲ. ಸೊನ್ನೆಯ ಕಲ್ಲು ಎಲ್ಲೇ ಇರಲಿ, ಸ್ಥಾನಪಲ್ಲಟಕ್ಕೆ ಅದರ ಹಂಗಿಲ್ಲ. ಹಾಗೆಂದು ಎಣಿಕೆಯನ್ನು ರಸ್ತೆಯ ಇನ್ನೊಂದು ತುದಿಯಿಂದ ಶುರುಮಾಡಿದರೆ ಉತ್ತರ +12 ಆಗುತ್ತದೆ, ಏಕೆಂದರೆ ಆಗ ಬದಲಾದದ್ದು ಸೊನ್ನೆಯಷ್ಟೇ ಅಲ್ಲ, ಧನ ದಿಕ್ಕೂ ಬದಲಾಯಿತು. ಬೈಕು ಹೋಗಿ ನಿಂತದ್ದು ಮಾತ್ರ ಅದೇ ಜಾಗ.

ಋಣ ಚಿಹ್ನೆ ಕಂಡ ತಕ್ಷಣ ಸದಿಶ ಎಂದು ಹೇಳುವ ಆತುರವೂ ಬೇಡ. ಚಳಿಗಾಲದಲ್ಲಿ ಲಡಾಖಿನ ತಾಪ −10 ಡಿಗ್ರಿ ಎನ್ನುತ್ತೇವೆ. ಅಲ್ಲಿನ ಋಣ ಚಿಹ್ನೆ ಯಾವ ದಿಕ್ಕನ್ನೂ ತೋರಿಸುವುದಿಲ್ಲ.

ದಿಕ್ಕು ತಿರುಗಿದಾಗ ಕೂಡುವುದು

ಪಾಠದ ತಿರುಳು ಇದು. 3 ಕೆ.ಜಿ. ಅಕ್ಕಿಗೆ 4 ಕೆ.ಜಿ. ಸೇರಿಸಿದರೆ 7 ಕೆ.ಜಿ. ಆದರೆ 3 ಮೀ ಸ್ಥಾನಪಲ್ಲಟಕ್ಕೆ 4 ಮೀ ಸ್ಥಾನಪಲ್ಲಟ ಸೇರಿಸಿದರೆ 7 ಮೀ ಆಗಬಹುದು, 1 ಮೀ ಆಗಬಹುದು, ನಡುವಿನ ಯಾವುದೇ ಬೆಲೆಯೂ ಆಗಬಹುದು. ಒಂದೇ ದಿಕ್ಕಿಗಾದರೆ 7, ಎದುರುಬದುರಾದರೆ 1, ಲಂಬವಾದರೆ 5.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಡ. ಈಗಿನ ಬಹಳಷ್ಟು ಮನೆಗಳಲ್ಲಿ 2 ಅಡಿ ಚೌಕದ ಟೈಲ್ಸ್ ಹಾಸಿರುತ್ತಾರೆ, ಒಂದು ಬದಿ ಸುಮಾರು 60 ಸೆಂ.ಮೀ. ಒಂದು ಮೂಲೆಯಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಟೈಲ್ಸಿನ ಗೆರೆಯ ಮೇಲೆಯೇ 4 ಟೈಲ್ ಮುಂದೆ ಹೋಗಿ, ಅಲ್ಲಿಂದ ಎಡಕ್ಕೆ 3 ಟೈಲ್ ಹೋಗಿ ಇನ್ನೊಂದು ಗುರುತು ಹಾಕಿ. ನಡೆದದ್ದು 7 ಟೈಲ್, ಅಂದರೆ 4.2 ಮೀ. ಈಗ ಎರಡು ಗುರುತುಗಳ ನಡುವೆ ದಾರ ಬಿಗಿಯಾಗಿ ಎಳೆದು ಅಳೆಯಿರಿ: 3 ಮೀ ಬರುತ್ತದೆ, ಸರಿಯಾಗಿ 5 ಟೈಲಿನ ಉದ್ದ. ಪೈಥಾಗೊರಸ್ ಪ್ರಮೇಯ ಕಾಲಡಿಯಲ್ಲೇ ಬಿದ್ದಿದೆ. ಕೋನಮಾಪಕ ಇಟ್ಟು ನೋಡಿದರೆ ದಾರವು ಮುಂದಿನ ದಿಕ್ಕಿನಿಂದ ಎಡಕ್ಕೆ ಸುಮಾರು 37 ಡಿಗ್ರಿ ತಿರುಗಿರುತ್ತದೆ.

ಶಾಲೆಯ ಮೈದಾನದಲ್ಲಿ ಮಾಡಿಸುವ ಶಿಕ್ಷಕರಿಗೆ ಎರಡು ಮಾತು. ಮೈದಾನದಲ್ಲಿ ಟೈಲ್ಸಿನ ಗೆರೆ ಇರುವುದಿಲ್ಲವಾದ್ದರಿಂದ ಲಂಬಕೋನ ತಪ್ಪುತ್ತದೆ. 4 ಮೀ ಮತ್ತು 3 ಮೀ ಗೆರೆಗಳ ನಡುವೆ ಬರೀ 5 ಡಿಗ್ರಿ ವಾಲಿದರೂ 5 ಮೀ ಬದಲು 4.8 ಅಥವಾ 5.2 ಮೀ ಬರುತ್ತದೆ. ಮಕ್ಕಳು ‘ಪ್ರಮೇಯ ಸರಿಯಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ವಾಲಿಬಾಲ್ ಅಂಕಣದ ಮೂಲೆಯನ್ನು ಲಂಬಕೋನವಾಗಿ ಬಳಸಿಕೊಳ್ಳಿ. ಇನ್ನು ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಬಳಸುವುದಾದರೆ ಕಬ್ಬಿಣದ ಗೇಟು, ಧ್ವಜಸ್ತಂಭ, ನಿಲ್ಲಿಸಿದ ಬಸ್ಸು ಇವುಗಳಿಂದ ದೂರ ನಿಲ್ಲಿ. ಅವುಗಳ ಪಕ್ಕದಲ್ಲಿ ಸೂಜಿ ತೋರಿದ್ದೇ ಉತ್ತರ!

ಹಾದಿಯಲ್ಲಿ ತಿರುವುಗಳು ಹೆಚ್ಚಾದಾಗ ತಲೆ-ಬಾಲ ವಿಧಾನ: ಮೊದಲ ಬಾಣದ ತಲೆಯಿಂದ ಎರಡನೆಯದರ ಬಾಲ, ಎರಡನೆಯದರ ತಲೆಯಿಂದ ಮೂರನೆಯದರ ಬಾಲ, ಹೀಗೆ. ಕೊನೆಗೆ ಮೊದಲ ಬಾಲದಿಂದ ಕೊನೆಯ ತಲೆಗೆ ಎಳೆದದ್ದೇ ಫಲಿತ. ಎಲ್ಲ ಬಾಣಗಳನ್ನೂ ಒಂದೇ ಚುಕ್ಕಿಯಿಂದ ಹೊರಡಿಸಿ, ತಲೆಗಳನ್ನು ಜೋಡಿಸುವುದು ಇಲ್ಲಿ ಆಗುವ ತಪ್ಪು. ಹಾಗೆ ಮಾಡಿದರೆ ಸಿಗುವುದು ಎರಡು ಬಾಣಗಳ ವ್ಯತ್ಯಾಸ, ಮೊತ್ತವಲ್ಲ. ನಕ್ಷೆ ಹಾಳೆಯಲ್ಲಿ 1 ಸೆಂ.ಮೀ. = 10 ಮೀ ಎಂಬಂಥ ಸ್ಕೇಲ್ ಬರೆದುಕೊಂಡು ಎಳೆದರೆ ಲೆಕ್ಕ ಮಾಡದೆಯೂ ಉತ್ತರ ಓದಬಹುದು.

ದಿಕ್ಕುಗಳೆಲ್ಲ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣವೇ ಆಗಿದ್ದರೆ ಚಿತ್ರಕ್ಕಿಂತ ಜಮಾ-ಖರ್ಚಿನ ಲೆಕ್ಕ ಬೇಗ ಮುಗಿಯುತ್ತದೆ. ಒಬ್ಬಳು 60 ಮೀ ಪೂರ್ವಕ್ಕೆ, 25 ಮೀ ಉತ್ತರಕ್ಕೆ, 20 ಮೀ ಪಶ್ಚಿಮಕ್ಕೆ, 55 ಮೀ ದಕ್ಷಿಣಕ್ಕೆ ನಡೆದಳು ಎನ್ನಿ. ಪೂರ್ವದ ಖಾತೆ: 60 − 20 = 40. ಉತ್ತರದ ಖಾತೆ: 25 − 55 = −30, ಅಂದರೆ ದಕ್ಷಿಣಕ್ಕೆ 30. ಸ್ಥಾನಪಲ್ಲಟದ ಪ್ರಮಾಣ √(40² + 30²) = 50 ಮೀ. ದಿಕ್ಕಿನ ಕೋನಕ್ಕೆ ಟ್ಯಾನ್ = 30/40, ಅಂದರೆ ಸುಮಾರು 37 ಡಿಗ್ರಿ. ಉತ್ತರ ಹೀಗೆ ಬರೆಯಬೇಕು: ‘50 ಮೀ, ಪೂರ್ವದಿಂದ ದಕ್ಷಿಣಕ್ಕೆ 37°’. ನಡೆದ ದೂರ 160 ಮೀ. ಎರಡು ಖಾತೆಗಳನ್ನು ಎಂದೂ ಬೆರೆಸಬೇಡಿ. 40 ಪೂರ್ವ ಮತ್ತು 30 ದಕ್ಷಿಣ ಸೇರಿ 70 ಆಗುವುದಿಲ್ಲ, 10ಕ್ಕೂ ಇಳಿಯುವುದಿಲ್ಲ.

ಇಲ್ಲಿ ಕನ್ನಡ ನಮಗೆ ಒಂದು ಅನುಕೂಲವನ್ನೂ ಒಂದು ಬಲೆಯನ್ನೂ ಕೊಟ್ಟಿದೆ. ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಎಂದು ಮೂಲೆ ದಿಕ್ಕುಗಳಿಗೆ ಸ್ವಂತ ಹೆಸರುಗಳೇ ಇವೆ. ದೇವರ ಮನೆ ಈಶಾನ್ಯದಲ್ಲಿ, ಅಡುಗೆಮನೆ ಆಗ್ನೇಯದಲ್ಲಿ ಎಂದು ಮನೆ ಕಟ್ಟಿಸುವವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಆದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಆಗ್ನೇಯ ಎಂದರೆ ಪೂರ್ವಕ್ಕೂ ದಕ್ಷಿಣಕ್ಕೂ ಸರಿಯಾಗಿ ನಡುವೆ, 45 ಡಿಗ್ರಿ. ಮೇಲಿನ ಉತ್ತರ 37 ಡಿಗ್ರಿ ಆದ್ದರಿಂದ ‘ಆಗ್ನೇಯಕ್ಕೆ 50 ಮೀ’ ಎಂದು ಬರೆದರೆ ತಪ್ಪು. ಪೂರ್ವದ ಮತ್ತು ದಕ್ಷಿಣದ ಮೊತ್ತಗಳು ಸಮವಾಗಿದ್ದಾಗ ಮಾತ್ರ ಆ ಪದ ಬಳಸಿ. ಅಂದಹಾಗೆ, ದಿಕ್ಕು ಹಿಡಿದು ಜಾಗ ಹೇಳುವುದು ನಮ್ಮ ಊರ ಹೆಸರುಗಳಲ್ಲೇ ಇದೆ: ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಮೂಡುಬಿದಿರೆ ಒಳನಾಡಿನಲ್ಲಿದೆ, ಪಡುಬಿದ್ರಿ ಕಡಲ ಕಡೆ.

ಕೋನ ಕೊಟ್ಟ ಪ್ರಶ್ನೆ ಬಂದರೆ ಆ ಬಾಣವನ್ನು ಮೊದಲು ಎರಡು ಖಾತೆಗೆ ಒಡೆಯಬೇಕು. 100 ಮೀ, ಪೂರ್ವದಿಂದ ಉತ್ತರಕ್ಕೆ 30°. ಆಮೇಲೆ 50 ಮೀ ಪಶ್ಚಿಮಕ್ಕೆ. ಮೊದಲ ಬಾಣದ ಪೂರ್ವ ಘಟಕ 100 × ಕೊಸೈನ್ 30° = 86.6, ಉತ್ತರ ಘಟಕ 100 × ಸೈನ್ 30° = 50. ಪೂರ್ವದಲ್ಲಿ 50 ಕಳೆದರೆ 36.6 ಉಳಿಯಿತು. ಪ್ರಮಾಣ √(36.6² + 50²) = 62 ಮೀ; ಪೂರ್ವದಿಂದ ಉತ್ತರಕ್ಕೆ ಸುಮಾರು 54°. ಅವಸರದವರು 100 − 50 = 50 ಎನ್ನುತ್ತಾರೆ. ಸೈನ್-ಕೊಸೈನ್ ಅದಲುಬದಲು ಮಾಡುವವರು ಇನ್ನಷ್ಟು ಮಂದಿ. ಕೋನವನ್ನು ಯಾವ ದಿಕ್ಕಿನಿಂದ ಅಳೆದಿದ್ದಾರೋ ಆ ದಿಕ್ಕಿನ ಘಟಕಕ್ಕೆ ಕೊಸೈನ್. ಅದೇ ಪ್ರಶ್ನೆಯಲ್ಲಿ ‘ಉತ್ತರದಿಂದ ಪೂರ್ವಕ್ಕೆ 30°’ ಎಂದಿದ್ದರೆ ಕೊಸೈನ್ ಉತ್ತರದ ಪಾಲಿಗೆ ಹೋಗುತ್ತದೆ. ಪೂರ್ವಕ್ಕೆ ಯಾವಾಗಲೂ ಕೊಸೈನ್ ಎಂದು ಉರು ಹೊಡೆದವರು ಮುಗ್ಗರಿಸುವುದು ಇಲ್ಲಿ.

ಪ್ರಮಾಣ ಮತ್ತು ದಿಕ್ಕು ಇದ್ದರೆ ಸದಿಶ ಎಂದು ಹೇಳಿಕೊಡುವುದುಂಟು. ಅದು ಪೂರ್ತಿ ಸಾಲದು. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೂ ದಿಕ್ಕಿದೆ, ಮಂಡಲದ ಚಿತ್ರದಲ್ಲಿ ಬಾಣವನ್ನೂ ಬರೆಯುತ್ತೇವೆ. ಆದರೂ ಅದು ಅದಿಶ. ಎರಡು ತಂತಿಗಳು ಕೂಡುವಲ್ಲಿ 3 ಆಂಪಿಯರ್ ಮತ್ತು 4 ಆಂಪಿಯರ್ ಬಂದು ಸೇರಿದರೆ ಹೊರಡುವುದು 7 ಆಂಪಿಯರೇ, ತಂತಿಗಳ ನಡುವಿನ ಕೋನ ಎಷ್ಟೇ ಇರಲಿ. ತಲೆ-ಬಾಲ ನಿಯಮದಂತೆ ಕೂಡಿದರೆ ಮಾತ್ರ ಸದಿಶ. ಸ್ಥಾನಪಲ್ಲಟ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಟೈಲ್ಸಿನ ಮೇಲೆ ಈಗಷ್ಟೇ ಮಾಡಿ ನೋಡಿದ್ದು ಅದೇ.

ಮೂರನೇ ಆಯಾಮ ಬಂದರೂ ಹೊಸದೇನಿಲ್ಲ, ಇನ್ನೊಂದು ಖಾತೆ ತೆರೆದರಾಯಿತು. 4 ಮೀ ಉದ್ದ, 3 ಮೀ ಅಗಲ, 3 ಮೀ ಎತ್ತರದ ಕೋಣೆಯಲ್ಲಿ ಹಲ್ಲಿಯೊಂದು ನೆಲದ ಮೂಲೆಯಿಂದ ಗೋಡೆಯ ಅಂಚುಗಳನ್ನೇ ಹಿಡಿದು ಎದುರಿನ ಚಾವಣಿಯ ಮೂಲೆಗೆ ಹೋದರೆ ದೂರ 10 ಮೀ. ಸ್ಥಾನಪಲ್ಲಟ √(16 + 9 + 9) = 5.83 ಮೀ, ಗಾಳಿಯಲ್ಲಿ ನೇರ ಗೆರೆ. ಹಲ್ಲಿಗೆ ಆ ದಾರಿಯಲ್ಲಿ ಹೋಗಲು ಆಗುವುದಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಗಾಣದ ಎತ್ತು ಮತ್ತು ಓಟದ ಟ್ರ್ಯಾಕು

ವೃತ್ತದ ಪ್ರಶ್ನೆಗಳು ಪರೀಕ್ಷೆಯಲ್ಲಿ ಬಂದೇ ಬರುತ್ತವೆ. ಗಾಣದ ಎತ್ತನ್ನೇ ತೆಗೆದುಕೊಳ್ಳೋಣ. ಅದು ಸುತ್ತುವ ವೃತ್ತದ ತ್ರಿಜ್ಯ 3.5 ಮೀ ಎಂದಿಟ್ಟುಕೊಂಡರೆ, ಪೈ ಬೆಲೆ 22/7 ಹಿಡಿದು ಒಂದು ಸುತ್ತಿಗೆ 22 ಮೀ. ಕಾಲು ಸುತ್ತಿಗೆ ದೂರ 5.5 ಮೀ, ಸ್ಥಾನಪಲ್ಲಟ 3.5 × √2 = 4.95 ಮೀ. ಅರ್ಧ ಸುತ್ತಿಗೆ ದೂರ 11 ಮೀ, ಸ್ಥಾನಪಲ್ಲಟ ವ್ಯಾಸದಷ್ಟು, 7 ಮೀ. ಮುಕ್ಕಾಲು ಸುತ್ತಿಗೆ ದೂರ 16.5ಕ್ಕೆ ಏರುತ್ತದೆ, ಸ್ಥಾನಪಲ್ಲಟ ಮತ್ತೆ 4.95ಕ್ಕೆ ಇಳಿಯುತ್ತದೆ. ಪೂರ್ತಿ ಸುತ್ತಿಗೆ 22 ಮತ್ತು ಸೊನ್ನೆ. ದೂರ ಏರುತ್ತಲೇ ಹೋಗುವುದು, ಸ್ಥಾನಪಲ್ಲಟ ಏರಿ ಇಳಿಯುವುದು. ಇನ್ನೊಂದು ಮಾತು: ಕಾಲು ಸುತ್ತಿನ ಮತ್ತು ಮುಕ್ಕಾಲು ಸುತ್ತಿನ ಪ್ರಮಾಣ ಒಂದೇ ಬಂದರೂ ದಿಕ್ಕು ಬೇರೆ. ಆ ಎರಡು ಸ್ಥಾನಪಲ್ಲಟಗಳು ಸಮವಲ್ಲ.

ಕಾಲ ಕೊಟ್ಟರೆ ಮೊದಲು ಸುತ್ತು ಎಣಿಸಿ. ಎತ್ತು 24 ಸೆಕೆಂಡಿಗೆ ಒಂದು ಸುತ್ತು ಬಂದರೆ 3 ನಿಮಿಷಕ್ಕೆ 180 ÷ 24 = 7.5 ಸುತ್ತು. ದೂರ 7.5 × 22 = 165 ಮೀ. ಸ್ಥಾನಪಲ್ಲಟಕ್ಕೆ ಆ ಏಳು ಪೂರ್ತಿ ಸುತ್ತುಗಳನ್ನು ಎಸೆದುಬಿಡಿ, ಉಳಿದ ಅರ್ಧ ಸುತ್ತು ಮಾತ್ರ ಲೆಕ್ಕ: 7 ಮೀ. ಹೊರಟಿದ್ದು ಪೂರ್ವದ ತುದಿಯಿಂದಾದರೆ ದಿಕ್ಕು ಪಶ್ಚಿಮ.

ಈಗ ನಿಜವಾದ ಒಂದು ಟ್ರ್ಯಾಕನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಪಠ್ಯದ ಪ್ರಶ್ನೆಗಳಲ್ಲಿ ಅದನ್ನು ವೃತ್ತವೆಂದೇ ಬಿಡಿಸಿಬಿಡುತ್ತಾರೆ. 400 ಮೀಟರಿನ ಪ್ರಮಾಣಿತ ಟ್ರ್ಯಾಕ್ ವೃತ್ತವಲ್ಲ, 84.39 ಮೀಟರಿನ ಎರಡು ನೇರ ಭಾಗಗಳು, ಎರಡು ಅರ್ಧವೃತ್ತಗಳು. ಒಳ ಅಂಚಿನ ತ್ರಿಜ್ಯ 36.50 ಮೀ. ಆದರೆ ಓಟಗಾರ ಅಂಚಿಗೆ ಅಂಟಿಕೊಂಡು ಓಡಲಾರನಾದ್ದರಿಂದ ಮೊದಲ ಲೇನಿನ ಉದ್ದವನ್ನು ಅಂಚಿನಿಂದ 30 ಸೆಂ.ಮೀ. ಹೊರಗೆ, 36.80 ಮೀ ತ್ರಿಜ್ಯದಲ್ಲಿ ಅಳೆಯುತ್ತಾರೆ. ಎರಡು ಅರ್ಧವೃತ್ತ 231.22 ಮೀ, ಎರಡು ನೇರ ಭಾಗ 168.78 ಮೀ, ಒಟ್ಟು 400.

ಮೊದಲ ಲೇನಿನಲ್ಲಿ 200 ಮೀ ಓಟ ತಿರುವಿನ ಆರಂಭದಲ್ಲಿ ಹೊರಟು, ಅರ್ಧವೃತ್ತ ಸುತ್ತಿ, ನೇರ ಭಾಗದ ಕೊನೆಯಲ್ಲಿ ಮುಗಿಯುತ್ತದೆ. ದಾರಿ ಅಳಿಸಿ ಎರಡು ಚುಕ್ಕಿ ಮಾತ್ರ ಉಳಿಸಿಕೊಳ್ಳಿ. ಟ್ರ್ಯಾಕಿನ ಅಡ್ಡಕ್ಕೆ ಒಂದು ವ್ಯಾಸ, 73.6 ಮೀ. ಉದ್ದಕ್ಕೆ ಒಂದು ನೇರ ಭಾಗ, 84.39 ಮೀ. ಇವೆರಡೂ ಒಂದಕ್ಕೊಂದು ಲಂಬ. ಹಾಗಾಗಿ ಸ್ಥಾನಪಲ್ಲಟ √(73.6² + 84.39²), ಸುಮಾರು 112 ಮೀ, ಮೈದಾನವನ್ನು ಓರೆಯಾಗಿ ಸೀಳಿಕೊಂಡು. ಹುಡುಗಿಯೊಬ್ಬಳು ಇದನ್ನು 28 ಸೆಕೆಂಡಿನಲ್ಲಿ ಓಡಿದರೆ ಅವಳ ಸರಾಸರಿ ಜವ 200 ÷ 28 = 7.1 ಮೀ/ಸೆ; ಸರಾಸರಿ ವೇಗದ ಪ್ರಮಾಣ 112 ÷ 28 = 4 ಮೀ/ಸೆ. ಮಾತಿನಲ್ಲಿ ನಾವು ಎರಡಕ್ಕೂ ವೇಗ ಎಂದೇ ಅನ್ನುತ್ತೇವೆ. ಪಠ್ಯದಲ್ಲಿ ಜವ ಅದಿಶ, ದೂರದಿಂದ ಬರುವುದು; ವೇಗ ಸದಿಶ, ಸ್ಥಾನಪಲ್ಲಟದಿಂದ ಬರುವುದು. ಬೈಕಿನ ‘ಸ್ಪೀಡೋಮೀಟರ್’ ತೋರಿಸುವುದು ಜವ.

‘400 ಮೀ ಓಟದಲ್ಲಿ ಸ್ಥಾನಪಲ್ಲಟ ಸೊನ್ನೆ’ ಎಂಬುದು ಮೊದಲ ಲೇನಿಗೆ ಮಾತ್ರ ನಿಜ ಎಂಬುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಹೊರಗಿನ ಲೇನಿನ ಸುತ್ತು ಉದ್ದವಾದ್ದರಿಂದ ಅಲ್ಲಿನ ಓಟಗಾರರನ್ನು ಮುಂದೆ ನಿಲ್ಲಿಸಿ ಹೊರಡಿಸುತ್ತಾರೆ. ಎರಡನೇ ಲೇನಿನವರು 7.04 ಮೀ ಮುಂದೆ. ಎಲ್ಲರೂ ಮುಗಿಸುವುದು ಒಂದೇ ಗೆರೆಯಲ್ಲಿ. ಹಾಗಾಗಿ ಎರಡನೇ ಲೇನಿನ ಓಟಗಾರನ ಸ್ಥಾನಪಲ್ಲಟ ಸೊನ್ನೆಯಲ್ಲ, ಸುಮಾರು 7 ಮೀ, ಅದೂ ಅವನು ಹೊರಟ ದಿಕ್ಕಿಗೆ ವಿರುದ್ಧವಾಗಿ. 400 ಮೀ ಮುಂದಕ್ಕೆ ಓಡಿ 7 ಮೀ ಹಿಂದೆ!

ಭೂಪಟದ ಮೇಲೆ

ಆಟೋ ಮೀಟರು ದೂರಕ್ಕೆ ದುಡ್ಡು ಕೇಳುತ್ತದೆ, ಸ್ಥಾನಪಲ್ಲಟಕ್ಕಲ್ಲ. ಸುತ್ತು ಹಾಕಿ ಹೋದರೆ ಜೇಬಿಗೆ ಗೊತ್ತಾಗುತ್ತದೆ. ಎರಡನ್ನೂ ಹೋಲಿಸಲು ಫೋನಿನ ಗೂಗಲ್ ಮ್ಯಾಪ್ಸ್ ಸಾಕು. ಹೊರಡುವ ಜಾಗದ ಮೇಲೆ ಬೆರಳೊತ್ತಿ ಹಿಡಿದು ಪಿನ್ ಹಾಕಿ, ಅದರ ವಿವರದಲ್ಲಿ ದೂರ ಅಳೆಯುವ ಆಯ್ಕೆ ಒತ್ತಿ, ನಕ್ಷೆಯನ್ನು ಗಮ್ಯದವರೆಗೆ ಸರಿಸಿ. ಬರುವ ಸಂಖ್ಯೆ ನೇರ ಗೆರೆಯದು. ದಾರಿ ತೋರಿಸುವ ಆಯ್ಕೆಯಲ್ಲಿ ಬರುವುದು ರಸ್ತೆಯ ಉದ್ದ.

ಅಕ್ಷಾಂಶ-ರೇಖಾಂಶ ಗೊತ್ತಿದ್ದರೆ ಕೈಯಲ್ಲೂ ಮಾಡಬಹುದು. ಬೆಂಗಳೂರು 12.97° ಉತ್ತರ, 77.59° ಪೂರ್ವ. ಮೈಸೂರು 12.30°, 76.65°. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.; ರೇಖಾಂಶದ ಒಂದು ಡಿಗ್ರಿಗೆ ಅದನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು, ನಮ್ಮಲ್ಲಿ ಸುಮಾರು 108 ಕಿ.ಮೀ. ದಕ್ಷಿಣಕ್ಕೆ 0.67 × 111 = 74 ಕಿ.ಮೀ., ಪಶ್ಚಿಮಕ್ಕೆ 0.94 × 108 = 102 ಕಿ.ಮೀ. ಸ್ಥಾನಪಲ್ಲಟ ಸುಮಾರು 126 ಕಿ.ಮೀ., ಪಶ್ಚಿಮದಿಂದ ದಕ್ಷಿಣಕ್ಕೆ 36°. ರೈಲಿನಲ್ಲಿ ಹೋದರೆ ದೂರ ಸುಮಾರು 140 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 295 ಕಿ.ಮೀ. ಬರುತ್ತದೆ, ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಘಾಟಿ ಇಳಿದು ಹೋಗುವ ರಸ್ತೆ ಸುಮಾರು 350 ಕಿ.ಮೀ. ಬಸ್ಸು 7 ಗಂಟೆ ತೆಗೆದುಕೊಂಡರೆ ಸರಾಸರಿ ಜವ ಗಂಟೆಗೆ 50 ಕಿ.ಮೀ., ಸರಾಸರಿ ವೇಗ ಪಶ್ಚಿಮಕ್ಕೆ ಗಂಟೆಗೆ 42 ಕಿ.ಮೀ. ಭೂಮಿ ದುಂಡಗಿದೆಯಲ್ಲ, ನಿಜವಾದ ನೇರ ಗೆರೆ ನೆಲದೊಳಗೇ ಹೋಗಬೇಕಲ್ಲವೇ ಎಂದು ಕೇಳುವ ಜಾಣರಿಗೆ: ಹೌದು, ಆದರೆ ಇಷ್ಟು ಅಂತರಕ್ಕೆ ಆ ವ್ಯತ್ಯಾಸ 30 ಮೀಟರಿಗಿಂತಲೂ ಕಡಿಮೆ.

ಸಮೀಕರಣದೊಳಗೆ ಅವಿತ ಸ್ಥಾನಪಲ್ಲಟ

ಚಲನೆಯ ಎರಡನೇ ಸಮೀಕರಣದಲ್ಲಿ (ಎಸ್ = ಆರಂಭಿಕ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ²) ಎಡಗಡೆ ಇರುವ ‘ಎಸ್’ ಅನ್ನು ದೂರ ಎಂದು ಓದಿಕೊಂಡವರು ಮೇಲೆಸೆದ ಚೆಂಡಿನ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ. ಅದು ಸ್ಥಾನಪಲ್ಲಟ. ದಿಕ್ಕು ಬದಲಾಗದ ಚಲನೆಯಲ್ಲಿ ಎರಡೂ ಒಂದೇ ಆದ್ದರಿಂದ ತಪ್ಪು ಹೊರಬೀಳುವುದಿಲ್ಲ, ಅಷ್ಟೆ.

ಚೆಂಡನ್ನು ನೇರ ಮೇಲಕ್ಕೆ 20 ಮೀ/ಸೆ ವೇಗದಲ್ಲಿ ಎಸೆಯಿರಿ. ಮೇಲಕ್ಕೆ ಧನ ಎಂದರೆ ಗುರುತ್ವದ ವೇಗೋತ್ಕರ್ಷ −10 ಮೀ/ಸೆ² (ಸುಲಭಕ್ಕಾಗಿ 9.8ರ ಬದಲು 10). 3 ಸೆಕೆಂಡಿನ ನಂತರ: 20 × 3 − ½ × 10 × 9 = 60 − 45 = 15 ಮೀ. ಇದು ಕೈಯಿಂದ ಮೇಲಕ್ಕೆ 15 ಮೀ ಸ್ಥಾನಪಲ್ಲಟ. ಚೆಂಡು ಕ್ರಮಿಸಿದ ದೂರವೋ? 2 ಸೆಕೆಂಡಿಗೆ ಅದು ತುದಿ ಮುಟ್ಟಿ 20 ಮೀ ಏರಿತ್ತು. ಮುಂದಿನ ಒಂದು ಸೆಕೆಂಡಿನಲ್ಲಿ 5 ಮೀ ಇಳಿಯಿತು. ದೂರ 25 ಮೀ. ಆದ್ದರಿಂದ ದೂರ ಕೇಳಿದಾಗ ಚೆಂಡು ಎಲ್ಲಿ ತಿರುಗಿತೆಂದು ಮೊದಲು ಪತ್ತೆ ಹಚ್ಚಿ, ಏರಿದ್ದನ್ನೂ ಇಳಿದದ್ದನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

ವೇಗ-ಕಾಲ ನಕ್ಷೆಯಲ್ಲೂ ಇದೇ ಕಥೆ. ಮೇಲಿನ ಚೆಂಡಿನ ನಕ್ಷೆ 20ರಿಂದ ಇಳಿಯುತ್ತ 2 ಸೆಕೆಂಡಿಗೆ ಸೊನ್ನೆ ಮುಟ್ಟಿ, 3 ಸೆಕೆಂಡಿಗೆ −10 ತಲುಪುತ್ತದೆ. ಅಕ್ಷದ ಮೇಲಿನ ತ್ರಿಭುಜದ ವಿಸ್ತೀರ್ಣ 20, ಕೆಳಗಿನದು 5. ಕೆಳಗಿನದನ್ನು ಕಳೆದರೆ ಸ್ಥಾನಪಲ್ಲಟ, ಕೂಡಿದರೆ ದೂರ. ಸ್ಥಾನ-ಕಾಲ ನಕ್ಷೆ ಕೊಟ್ಟರೆ ವಿಸ್ತೀರ್ಣಕ್ಕೆ ಕೈಹಾಕಬೇಡಿ. ಲಂಬ ಅಕ್ಷದ ಮೇಲೆ ಕೊನೆಯ ಬೆಲೆಯಿಂದ ಮೊದಲ ಬೆಲೆ ಕಳೆದರೆ ಸಾಕು. ಆ ನಕ್ಷೆ ಗುಡ್ಡದಂತೆ ಏರಿಳಿದರೆ ವಸ್ತು ಗುಡ್ಡ ಹತ್ತಿ ಇಳಿಯಿತು ಎಂದುಕೊಳ್ಳುವವರಿದ್ದಾರೆ. ಅದು ಸಮತಟ್ಟು ರಸ್ತೆಯಲ್ಲಿ ಹೋಗಿ ಹಿಂತಿರುಗಿದ ಸೈಕಲ್ ಇರಬಹುದು.

ಕೈ ಪಳಗಿಸಲು ಮೂರು

ಒಂದು: 12 ಮೀ ದಕ್ಷಿಣಕ್ಕೆ, 5 ಮೀ ಪಶ್ಚಿಮಕ್ಕೆ ನಡೆದರೆ ದೂರ 17 ಮೀ, ಸ್ಥಾನಪಲ್ಲಟ 13 ಮೀ, ದಕ್ಷಿಣದಿಂದ ಪಶ್ಚಿಮಕ್ಕೆ ಸುಮಾರು 23°. ನಿಮಗೆ 67° ಬಂದಿದ್ದರೆ ಗಾಬರಿ ಬೇಡ, ನೀವು ಪಶ್ಚಿಮದಿಂದ ಅಳೆದಿದ್ದೀರಿ. ಹಾಗೆಂದು ಬರೆದರೆ ಅದೂ ಸರಿ.

ಎರಡು: ಚುಕ್ಕಿ ರಂಗೋಲಿಯಲ್ಲಿ ಸುತ್ತು ಸುಳಿಯ ಗೆರೆಯೊಂದು ಕೈಯೆತ್ತದೆ ಸಾಗಿ ಶುರುವಾದ ಜಾಗಕ್ಕೇ ಕೂಡಿಕೊಂಡಿತು. ಪುಡಿ ಬಿದ್ದ ಉದ್ದ 6 ಮೀ. ಬೆರಳ ತುದಿಯ ಸ್ಥಾನಪಲ್ಲಟ ಸೊನ್ನೆ. ದಿಕ್ಕು ಬರೆಯುವ ಅಗತ್ಯವಿಲ್ಲದ ಒಂದೇ ಸಂದರ್ಭ ಇದು: ಸೊನ್ನೆ ಸದಿಶಕ್ಕೆ ನಿರ್ದಿಷ್ಟ ದಿಕ್ಕು ಇರುವುದಿಲ್ಲ.

ಮೂರು: ಇಬ್ಬರು ಮೈಸೂರು ಅರಮನೆಯ ಬಾಗಿಲಿನಿಂದ ಒಟ್ಟಿಗೆ ಹೊರಟರು. ಒಬ್ಬರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರು, ಇನ್ನೊಬ್ಬರು ಬಸ್ಸಿನಲ್ಲಿ ಬಳಸು ರಸ್ತೆಯಲ್ಲಿ ಹೋದರು. ದೇವಸ್ಥಾನದ ಮುಂದೆ ಒಂದೇ ಜಾಗದಲ್ಲಿ ಸಂಧಿಸಿದರು. ಯಾರ ಸ್ಥಾನಪಲ್ಲಟ ಹೆಚ್ಚು? ಇಬ್ಬರದೂ ಒಂದೇ, ಪ್ರಮಾಣದಲ್ಲೂ ದಿಕ್ಕಿನಲ್ಲೂ. ಸುಮಾರು 300 ಮೀ ಎತ್ತರದ ಖಾತೆಯೂ ಇಬ್ಬರಿಗೂ ಸಮ. ಮೊಣಕಾಲು ನೋವು ಮಾತ್ರ ದೂರದ ಲೆಕ್ಕಕ್ಕೂ ಸಿಗದು: ಬಸ್ಸಿನ ದಾರಿಯೇ ಹೆಚ್ಚು ಉದ್ದ.